ಎಥನಾಲ್ ಇಲ್ಲದ ಪೆಟ್ರೋಲ್ ಹಾಕಿಸಿ ಪಿಕಪ್ ಮೈಲೇಜ್ ಅಳೆದ ನನ್ನ ಅನುಭವ

ಪಿಕಪ್ ಟ್ರಕ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "ಎಥನಾಲ್ ಇಲ್ಲದ್ದು ಹಾಕಿಸಿ ನೋಡಿ, ಮೈಲೇಜ್ ಹೇಗೆ ಏರುತ್ತೆ ಅಂತ." ಒಬ್ಬರು ಗ್ಯಾಲನ್‌ಗೆ ಎರಡು ಮೈಲಿ ಜಾಸ್ತಿ ಬಂತು ಅಂತಾರೆ, ಇನ್ನೊಬ್ಬರು ನಾಲ್ಕು ಅಂತಾರೆ. ನಾನಿರುವುದು ಅಯೋವಾದಲ್ಲಿ. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಎಥನಾಲ್ ತಯಾರಾಗುವುದು ಇದೇ ರಾಜ್ಯದಲ್ಲಿ, ಇಲ್ಲಿನ ಮೆಕ್ಕೆಜೋಳದಿಂದ. ಹಾಗಿದ್ದರೂ ಎಷ್ಟೋ ಬಂಕ್‌ಗಳಲ್ಲಿ ಎಥನಾಲ್ ಬೆರೆಸದ 87 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ. (ಆಕ್ಟೇನ್ ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಹೊತ್ತಿಗೆ ಮೊದಲೇ ತಾನಾಗಿ ಉರಿಯದಂತೆ ತಡೆಯುವ ಗುಣದ ಅಂಕಿ.) ಪಕ್ಕದಲ್ಲೇ ಇ10, ಅಂದರೆ 10% ಎಥನಾಲ್ ಬೆರೆಸಿದ 87 ಆಕ್ಟೇನ್. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಅದಕ್ಕೇ ನಾನೇ ಅಳೆದೆ.

ಎರಡೂ ಒಂದೇ ಆಕ್ಟೇನ್ ಅನ್ನುವುದು ಸಣ್ಣ ವಿಷಯವಲ್ಲ. ಫ್ಲಾರಿಡಾದಂಥ ಕಡೆ ಎಥನಾಲ್ ಇಲ್ಲದ್ದು ಸಾಮಾನ್ಯವಾಗಿ 90 ಆಕ್ಟೇನ್. ಪಕ್ಕದ ಮಿನ್ನೆಸೋಟದಲ್ಲಿ ಅದನ್ನು ಪ್ರೀಮಿಯಂ, ಅಂದರೆ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಆಗಿ ಮಾತ್ರ ಮಾರಬಹುದು. ಅದೂ ಹಳೇ ಸಂಗ್ರಹದ ಕಾರು, ದೋಣಿ, ಮೋಟರ್‌ಸೈಕಲ್, ಸಣ್ಣ ಎಂಜಿನ್ ಇಂಥವಕ್ಕೆ ಅಂತ ಕಾನೂನೇ ಇದೆ. ಅಂಥಲ್ಲಿ 87ರ ಇ10 ಜೊತೆ 90ನ್ನೋ 91ನ್ನೋ ಹೋಲಿಸಿದರೆ ವ್ಯತ್ಯಾಸ ಎಥನಾಲ್‌ನಿಂದ ಬಂತೋ ಆಕ್ಟೇನ್‌ನಿಂದ ಬಂತೋ ಹೇಳುವುದು ಕಷ್ಟ. ಟರ್ಬೊ ಎಂಜಿನ್ ಆದರಂತೂ ಇನ್ನೂ ಕಷ್ಟ.

ನನ್ನದು ಟೊಯೋಟಾ ಟಕೋಮಾ, 3.5 ಲೀಟರ್ ವಿ6. ಟರ್ಬೊ ಇಲ್ಲ, ಫ್ಲೆಕ್ಸ್ ಫ್ಯುಯೆಲ್ (ಎಥನಾಲ್ ಬಹಳ ಹೆಚ್ಚಿರುವ ಇಂಧನದಲ್ಲೂ ಓಡುವಂಥದ್ದು) ಅಲ್ಲ. ಟ್ಯಾಂಕ್ 21.1 ಗ್ಯಾಲನ್. ಕೆಲಸದ ಮೇಲೆ ಡೆಮೊಯಿನ್‌ನಿಂದ ಅಯೋವಾ ಸಿಟಿ ಕಡೆಗೆ ಐ-80 ಹೆದ್ದಾರಿಯಲ್ಲಿ ಆಗಾಗ ಓಡಾಡುತ್ತೇನೆ. ಪರೀಕ್ಷೆಗೆ ಅದೇ ರಸ್ತೆ.

ಮೊದಲು ಕಾಗದದ ಮೇಲೆ ಎಷ್ಟು ಬರಬೇಕು ಅಂತ ನೋಡಿಕೊಂಡೆ. ಒಂದು ಗ್ಯಾಲನ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹತ್ತರಲ್ಲಿ ಒಂದು ಪಾಲು ಮಾತ್ರ ಎಥನಾಲ್ ಆದ್ದರಿಂದ ಇ10ನಲ್ಲಿ ಕಡಿಮೆಯಾಗುವುದು 3%ರ ಆಸುಪಾಸು. ಅಮೆರಿಕ ಸರ್ಕಾರದ ಮೈಲೇಜ್ ಮಾಹಿತಿಯೂ ಇ10ಕ್ಕೆ 3ರಿಂದ 4%, ಇ15ಕ್ಕೆ 4ರಿಂದ 5% ಇಳಿಕೆ ಅಂತಲೇ ಹೇಳುತ್ತದೆ. ಇನ್ನೊಂದು ರೀತಿ ನೋಡಿ. ಎಥನಾಲ್‌ನಲ್ಲಿ ಶಕ್ತಿಯೇ ಇಲ್ಲ, ಅದು ಬರೀ ನೀರು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಹೋಗುವುದು 10% ಮಾತ್ರ ಅಲ್ವಾ? ಹಾಗಾದರೆ 18 ಇದ್ದದ್ದು 22 ಆಯ್ತು ಅಂತ ಯಾರಾದರೂ ಹೇಳಿದರೆ ಅದು 20%ಕ್ಕಿಂತ ಜಾಸ್ತಿ. ಅಷ್ಟನ್ನು ಪೆಟ್ರೋಲ್ ಒಂದೇ ಕೊಡೋಕಾಗಲ್ಲ. ಹೇಳಿದವರು ಸುಳ್ಳು ಹೇಳುತ್ತಿಲ್ಲ. ಗಾಳಿ, ಚಳಿ, ವೇಗ, ಟೈರ್ ಇವೆಲ್ಲ ಸೇರಿ ಕೊಟ್ಟದ್ದನ್ನು ಎಥನಾಲ್ ಲೆಕ್ಕಕ್ಕೆ ಹಾಕಿದ್ದಾರೆ ಅಷ್ಟೇ.

ಅಂದರೆ ನಾನು ಹುಡುಕಬೇಕಾಗಿದ್ದು 3% ವ್ಯತ್ಯಾಸ. ಇಷ್ಟು ಸಣ್ಣದನ್ನು ಹಿಡಿಯುವುದರಲ್ಲೇ ನಿಜವಾದ ಕೆಲಸ ಇರುವುದು.

ಪೆಟ್ರೋಲ್ ತುಂಬಿಸುವುದನ್ನೇ ತೆಗೆದುಕೊಳ್ಳಿ. ಟ್ಯಾಂಕ್ ತುಂಬಿದಾಗ ನಾಜಲ್ ತಾನಾಗಿ ಕ್ಲಿಕ್ ಆಗಿ ನಿಲ್ಲುವ ಮಟ್ಟ ಪಂಪ್‌ನಿಂದ ಪಂಪ್‌ಗೆ ಬೇರೆ. ನೆಲ ಸ್ವಲ್ಪ ಇಳಿಜಾರಿದ್ದರೆ ಅದೇ ಪಂಪ್‌ನಲ್ಲೂ ಬೇರೆ. 15 ಗ್ಯಾಲನ್ ತುಂಬಿಸುವಾಗ ಅರ್ಧ ಗ್ಯಾಲನ್ ಹೆಚ್ಚುಕಮ್ಮಿಯಾದರೆ ಅದೇ 3.3%. ನಾವು ಹುಡುಕುತ್ತಿರುವುದೂ ಅಷ್ಟೇ! ಆದ್ದರಿಂದ ಒಂದು ಟ್ಯಾಂಕ್ ಓಡಿಸಿ ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ. ನಾನು ಒಂದೇ ಬಂಕ್, ಒಂದೇ ಪಂಪ್, ಗಾಡಿಯ ಮುಖ ಒಂದೇ ದಿಕ್ಕಿಗೆ ಅಂತ ನಿಯಮ ಮಾಡಿಕೊಂಡೆ. ಮೊದಲ ಕ್ಲಿಕ್‌ಗೆ ನಿಲ್ಲಿಸುವುದು, ಆಮೇಲೆ ಒಂದು ಹನಿಯನ್ನೂ ಒತ್ತಿ ತುಂಬಿಸುವುದಿಲ್ಲ. ಪ್ರತಿ ಟ್ಯಾಂಕಿಗೂ ಬೇರೆ ಬೇರೆ ಮೈಲೇಜ್ ತೆಗೆದು ಸರಾಸರಿ ಮಾಡಲಿಲ್ಲ. ಒಂದೇ ಬಗೆಯ ಪೆಟ್ರೋಲ್‌ನ ಹಲವು ಟ್ಯಾಂಕ್‌ಗಳ ಮೈಲಿಯೆಲ್ಲ ಕೂಡಿಸಿ, ಗ್ಯಾಲನ್ ಎಲ್ಲ ಕೂಡಿಸಿ, ಆಮೇಲೆ ಭಾಗಿಸಿದೆ. ಹೀಗೆ ಮಾಡಿದರೆ ನಡುವಿನ ಕ್ಲಿಕ್‌ಗಳ ಏರುಪೇರು ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವುದು ಮೊದಲ ಮತ್ತು ಕೊನೆಯ ಸಲದ್ದು ಮಾತ್ರ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಮಾಡುವ ಅಂದಾಜು.

ಬದಲಾಯಿಸಿದ ಮೊದಲ ಟ್ಯಾಂಕನ್ನೂ ಬಿಟ್ಟುಬಿಡಬೇಕು. ತಳದಲ್ಲಿ 3 ಗ್ಯಾಲನ್ ಇ10 ಉಳಿದಿದ್ದು, ಮೇಲೆ ಶುದ್ಧ ಪೆಟ್ರೋಲ್ ತುಂಬಿಸಿದರೂ ಟ್ಯಾಂಕ್‌ನಲ್ಲಿ 1.4% ಎಥನಾಲ್ ಇರುತ್ತದೆ. ಹಾಗಂತ ಪೂರ್ತಿ ಖಾಲಿ ಮಾಡಲು ಹೋಗಬೇಡಿ. ಗಾಡಿಯ ಇಂಧನ ಪಂಪ್ ಇರುವುದು ಟ್ಯಾಂಕ್ ಒಳಗೇ, ಅದನ್ನು ತಣ್ಣಗಿಡುವುದೂ ಆ ಪೆಟ್ರೋಲೇ.

ಎಥನಾಲ್ ಇಲ್ಲ ಅಂತ ಬೋರ್ಡ್ ಇದ್ದರೆ ನಿಜವಾಗಿ ಇಲ್ಲವೇ? ಇದನ್ನು ಮನೆಯಲ್ಲೇ ನೋಡಬಹುದು. 100 ಮಿಲಿಲೀಟರ್‌ನ ಗೆರೆ ಹಾಕಿದ ಗಾಜಿನ ಸಿಲಿಂಡರ್ ತಗೊಂಡು 10ರ ಗೆರೆವರೆಗೆ ನೀರು ಹಾಕಿದೆ. ಗೆರೆ ಚೆನ್ನಾಗಿ ಕಾಣಲಿ ಅಂತ ನೀರಿಗೆ ಒಂದು ಹನಿ ಬಣ್ಣ. ಅದರ ಮೇಲೆ 100ರವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ಅಲ್ಲಾಡಿಸಿ ಸ್ವಲ್ಪ ಹೊತ್ತು ಬಿಟ್ಟರೆ ನೀರು ಕೆಳಗಿಳಿದು ನಿಲ್ಲುತ್ತದೆ. ಎಥನಾಲ್‌ಗೆ ಪೆಟ್ರೋಲ್‌ಗಿಂತ ನೀರೇ ಇಷ್ಟ, ಹೋಗಿ ಅದರಲ್ಲಿ ಸೇರಿಕೊಳ್ಳುತ್ತದೆ. ಇ10ನಲ್ಲಿ ಕೆಳಗಿನ ಪದರ 10ರಿಂದ ಸುಮಾರು 18ಕ್ಕೆ ಏರಿತು. ಎಥನಾಲ್ ಇಲ್ಲದ್ದರಲ್ಲಿ 10ರಲ್ಲೇ ನಿಂತಿತು. ಮನೆಯ ಹೊರಗೆ, ಬೆಂಕಿ ಕಿಡಿ ಏನೂ ಇಲ್ಲದ ಕಡೆ, ಕೈಗವಸು ಹಾಕಿಕೊಂಡೇ ಮಾಡಿ. ಮುಗಿದ ಮೇಲೆ ಚರಂಡಿಗೆ ಸುರಿಯಬೇಡಿ, ಊರಿನ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ಕಾಲವೂ ಒಂದೇ ಇರಬೇಕು. ಪಟ್ಟಣದೊಳಗಿನ ಓಡಾಟದಲ್ಲಿ 77 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೋಲಿಸಿದರೆ 20 ಡಿಗ್ರಿಯಲ್ಲಿ ಮೈಲೇಜ್ ಸುಮಾರು 15% ಬೀಳುತ್ತದೆ. ಅದರ ಮುಂದೆ ನಮ್ಮ 3% ಎಲ್ಲಿ ಕಾಣಬೇಕು? ಚಳಿಗಾಲದ ಪೆಟ್ರೋಲ್‌ಗೆ ಬ್ಯೂಟೇನ್ ಜಾಸ್ತಿ ಬೆರೆಸುತ್ತಾರೆ, ಅದರ ಶಕ್ತಿಯೂ ಸ್ವಲ್ಪ ಕಡಿಮೆ. ಬಂಕ್‌ಗಳಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೇಸಿಗೆ ಪೆಟ್ರೋಲ್ ಇರಬೇಕೆಂದು ನಿಯಮವಿದೆ. ನನ್ನ ಅಳತೆಯೆಲ್ಲ ಆ ಅವಧಿಯೊಳಗಿನದು. ಮೊದಲು ಇ10, ಆಮೇಲೆ ಶುದ್ಧ ಪೆಟ್ರೋಲ್, ಮತ್ತೆ ಇ10, ಹೀಗೆ ಅದಲು ಬದಲು ಮಾಡಿದೆ. ವೇಗ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲನ್ನು ಗಂಟೆಗೆ 65 ಮೈಲಿಗೆ ಇಟ್ಟೆ, ಟೈರ್ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡಿದೆ. ಅಯೋವಾದಲ್ಲಿ ಗಾಳಿ ವಿಪರೀತ. ಪಿಕಪ್ ಅಂದರೆ ಗಾಳಿಗೆ ಗೋಡೆ ಹಿಡಿದ ಹಾಗೆ. ಹೋಗಿಬಂದರೆ ಸರಿಹೋಗುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಎದುರುಗಾಳಿ ಕಿತ್ತುಕೊಂಡಷ್ಟನ್ನು ಹಿಂದಿನ ಗಾಳಿ ವಾಪಸ್ ಕೊಡುವುದಿಲ್ಲ. ಜೋರು ಗಾಳಿಯ ದಿನದ ಟ್ಯಾಂಕನ್ನು ನಾನು ಸೇರಿಸಿಕೊಳ್ಳಲಿಲ್ಲ, ಯಾವ ಪೆಟ್ರೋಲ್ ಇದ್ದರೂ ಸರಿ.

ಕೊನೆಗೆ ಸಿಕ್ಕಿದ್ದೇನು? ಇ10ನಲ್ಲಿ ಗ್ಯಾಲನ್‌ಗೆ 22 ಮೈಲಿ. ಎಥನಾಲ್ ಇಲ್ಲದ್ದರಲ್ಲಿ 22.75. ಮುಕ್ಕಾಲು ಮೈಲಿ ಜಾಸ್ತಿ, ಅಂದರೆ 3.4%.

ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು ಅನ್ನಿಸಿತು. ಗಾಡಿಯ ಕಂಪ್ಯೂಟರ್‌ನ ಮಾಹಿತಿ ಓದಲು ಸ್ಟೀರಿಂಗ್ ಕೆಳಗಿರುವ ಒಬಿಡಿ-2 ಪೋರ್ಟ್‌ಗೆ ಪುಟ್ಟ ಸ್ಕ್ಯಾನರ್ ಚುಚ್ಚಿ, ಫೋನ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿದೆ. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಇಂಧನ ಹೆಚ್ಚು ಅಥವಾ ಕಮ್ಮಿ ಕೊಡುತ್ತಿದೆ ಅನ್ನುವ ಅಂಕಿ ಅದು. ಎಥನಾಲ್‌ನ ಒಳಗೇ ಆಮ್ಲಜನಕ ಇದೆ. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಇ10ಕ್ಕೆ 14.1 ಸಾಕು. ಹಾಗಾಗಿ ಇ10 ಹಾಕಿದಾಗ ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್‌ಗೆ ಇಂಧನ ಕಮ್ಮಿಯಾದಂತೆ ಕಾಣುತ್ತದೆ, ಕಂಪ್ಯೂಟರ್ ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸಮ ವೇಗದಲ್ಲಿ ಓಡುವಾಗ ನೋಡಿದರೆ ನನ್ನ ಗಾಡಿಯಲ್ಲಿ ಇ10ನಲ್ಲಿ ಆ ಅಂಕಿ ಸೊನ್ನೆಗಿಂತ ಸ್ವಲ್ಪ ಮೇಲಿರುತ್ತಿತ್ತು. ಶುದ್ಧ ಪೆಟ್ರೋಲ್ ಬಂದು ಗಾಡಿ ಕಲಿತುಕೊಂಡ ಮೇಲೆ ಸೊನ್ನೆಗಿಂತ ಕೆಳಗೆ ಇಳಿಯಿತು. ನಡುವಿನ ಅಂತರ 3ರಿಂದ 4 ಅಂಕ. ಬಂಕ್‌ನ ರಸೀದಿ ಹೇಳಿದ್ದನ್ನೇ ಇಂಜೆಕ್ಟರ್ ಕೂಡ ಹೇಳಿತು. ನನಗೆ ನಂಬಿಕೆ ಬಂದಿದ್ದು ಆಗಲೇ.

ಪಿಕಪ್‌ಗೆ ಎಳೆಯುವ ಶಕ್ತಿ ಜಾಸ್ತಿಯಾಯಿತೇ ಅಂತ ಕೇಳುತ್ತಾರೆ. 87 ಆಕ್ಟೇನ್‌ಗೆಂದೇ ಮಾಡಿದ ಈ ಎಂಜಿನ್‌ನಲ್ಲಿ ನನಗೇನೂ ಕಾಣಲಿಲ್ಲ.

ಈಗ ದುಡ್ಡಿನ ಮಾತು. ಇ10 ಗ್ಯಾಲನ್‌ಗೆ 3 ಡಾಲರ್ ಅಂತ ಇಟ್ಟುಕೊಳ್ಳಿ. 3.4% ಜಾಸ್ತಿ ಓಡುವ ಪೆಟ್ರೋಲ್‌ಗೆ 3 ಡಾಲರ್ 10 ಸೆಂಟ್ ಕೊಟ್ಟರೆ ಸರಿಸಮ. ಅದಕ್ಕಿಂತ ಜಾಸ್ತಿ ಕೊಟ್ಟದ್ದೆಲ್ಲ ಕೈಯಿಂದ ಹೋದಂತೆ. ನನ್ನ ಕಡೆ ಬಂಕ್‌ನಲ್ಲಿ ಅಂತರ 10 ಸೆಂಟ್‌ಗೆ ಇಳಿದದ್ದನ್ನು ನಾನು ನೋಡಿಲ್ಲ. 40 ಸೆಂಟ್ ಅಂತರ ಹಿಡಿದು ವರ್ಷಕ್ಕೆ 12,000 ಮೈಲಿ ಲೆಕ್ಕ ಹಾಕಿದರೆ ಇ10ಕ್ಕೆ ಸುಮಾರು 1,636 ಡಾಲರ್, ಎಥನಾಲ್ ಇಲ್ಲದ್ದಕ್ಕೆ 1,793. ಮೈಲೇಜ್ ಏರಿದ್ದು ನಿಜ, ಆದರೂ 157 ಡಾಲರ್ ಜಾಸ್ತಿ ಖರ್ಚು. ನಿಮ್ಮ ಬಂಕ್‌ನ ದರಕ್ಕೂ ಇದೇ ಲೆಕ್ಕ ಹಾಕಿ: ಇ10 ದರವನ್ನು 1.034ರಿಂದ ಗುಣಿಸಿ. ಎಥನಾಲ್ ಇಲ್ಲದ್ದು ಅದಕ್ಕಿಂತ ಕಡಿಮೆಗೆ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹಾಕಿಸಿ. ಟ್ರೈಲರ್ ಎಳೆಯುವವರಿಗೂ ಇದೇ ಲೆಕ್ಕ. ಮೈಲೇಜ್ 13ಕ್ಕೆ ಇಳಿದರೂ ಸಿಗುವ ಪರ್ಸೆಂಟ್ ಅಷ್ಟೇ.

ನನ್ನ ಟಕೋಮಾ ಈಗ ಓಡುತ್ತಿರುವುದು ಇ10ನಲ್ಲೇ. ಎಥನಾಲ್ ಇಲ್ಲದ್ದನ್ನು ಕ್ಯಾನ್‌ನಲ್ಲಿ ತರುತ್ತೇನೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಜನರೇಟರ್‌ಗೆ, ಹಿಮ ತಳ್ಳುವ ಯಂತ್ರಕ್ಕೆ. ಇವು ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಪೆಟ್ರೋಲ್ ಬಿಟ್ಟು ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಗಾಜಿನ ಸಿಲಿಂಡರ್‌ನಲ್ಲಿ ನಾವು ನೋಡಿದ ಹಾಗೆಯೇ. ಕಾರ್ಬುರೇಟರ್ ಮೊದಲು ಎಳೆದುಕೊಳ್ಳುವುದೂ ತಳದ್ದನ್ನೇ. ಅಲ್ಲಿ ಗ್ಯಾಲನ್‌ಗೆ 40 ಸೆಂಟ್ ಜಾಸ್ತಿ ಕೊಡಲು ನನಗೆ ಯಾವ ಬೇಸರವೂ ಇಲ್ಲ. ಪಿಕಪ್ ಅನ್ನು ಚಳಿಗಾಲಕ್ಕೆಲ್ಲ ಶೆಡ್‌ನಲ್ಲಿ ನಿಲ್ಲಿಸುವವರು ನೀವಾದರೆ, ನಿಲ್ಲಿಸುವ ಮುಂಚಿನ ಕೊನೆಯ ಟ್ಯಾಂಕಿಗೂ ಅದನ್ನೇ ತುಂಬಿಸಿ.