ಮೊದಲು ವೇರಿಯೋಗ್ರಾಮ್, ಆಮೇಲೆ ಕ್ರಿಗಿಂಗ್

ಮೈಸೂರಿನಿಂದ ನಂಜನಗೂಡಿನ ಕಡೆಗೆ, ದೊಡ್ಡಕನ್ಯದ ಸುತ್ತಮುತ್ತ, ಡ್ಯೂನೈಟ್ ಕಲ್ಲಿನಲ್ಲಿ ಮ್ಯಾಗ್ನಸೈಟ್ ಅನ್ನುವ ಬಿಳಿ ಅದಿರು ಸಿಗುತ್ತದೆ. ಕಪ್ಪು-ಹಸಿರು ಕಲ್ಲಿನೊಳಗೆ ಬಿಳಿ ಎಳೆಗಳು ಬಲೆಯ ಹಾಗೆ ಹರಡಿರುತ್ತವೆ. ಒಂದು ಬೋರ್‌ಹೋಲಿನ ಕೋರಿನಲ್ಲಿ (ಬೋರಿನಿಂದ ಮೇಲೆ ತೆಗೆದ ಕಲ್ಲಿನ ಕಂಬಿ) ಅಂಗೈ ಅಗಲದ ಎಳೆ ಕಂಡರೆ, ಪಕ್ಕದ ಬೋರಿನಲ್ಲಿ ಕೂದಲೆಳೆಯಷ್ಟೇ. ಅಂಥ ಒಂದು ಗಣಿಯಲ್ಲಿ ಅದಿರು ಎಷ್ಟಿದೆ ಅಂತ ಲೆಕ್ಕ ಹಾಕುವ ಕೆಲಸ ನನಗೆ ಬಂತು.

"ಎಲ್ಲದರ ಸರಾಸರಿ ತೆಗೆದು ಗಾತ್ರಕ್ಕೆ ಗುಣಿಸಿದರೆ ಆಯ್ತಲ್ವಾ ಸಾರ್?" ಅಂದರು ಮಾಲೀಕರು. ಆಗುವುದಿಲ್ಲ. ಬಿಳಿ ಎಳೆ ಕಂಡ ಕಡೆಯೇ ಜಾಸ್ತಿ ಬೋರ್ ಹೊಡೆದಿರುತ್ತಾರೆ. ಸರಾಸರಿ ಸುಮ್ನೆ ಮೇಲೇರಿಬಿಡುತ್ತದೆ.

ಪ್ರತಿ ಮೀಟರ್ ಕೋರಿನಲ್ಲಿ ಎಳೆ ಶೇಕಡಾ ಎಷ್ಟು ಅಂತ ಅಳೆದು ಬರೆದುಕೊಂಡೆ. ಆಮೇಲೆ ವೇರಿಯೋಗ್ರಾಮ್. ಇಷ್ಟು ದೂರದ ಎರಡು ಮಾದರಿಗಳ ನಡುವೆ ಎಷ್ಟು ವ್ಯತ್ಯಾಸ ಅಂತ ತೋರಿಸುವ ಗೆರೆ ಅದು. ನನ್ನ ಸಮಯ ಹೆಚ್ಚು ಹೋಗಿದ್ದು ಇಲ್ಲೇ. ಗೆರೆ ಸೊನ್ನೆಯಿಂದ ಶುರುವಾಗಲೇ ಇಲ್ಲ, ಮೇಲಿಂದಲೇ ಹೊರಟಿತು. ಅದಕ್ಕೆ ನಗೆಟ್ ಅನ್ನುತ್ತಾರೆ. ತೀರ ಹತ್ತಿರದ ಮಾದರಿಗಳೂ ಒಂದಕ್ಕೊಂದು ಹೋಲುವುದಿಲ್ಲ ಅಂತ ಅರ್ಥ. ಇದನ್ನು ನಂಬಿಕೆಯಿಂದ ಓದಬೇಕಾದರೆ ಬೋರಿನ ಉದ್ದಕ್ಕೂ ನೋಡಬೇಕು, ಒತ್ತೊತ್ತಾದ ಮಾದರಿ ಇರುವುದು ಅಲ್ಲೇ. ದಿಕ್ಕು ಬದಲಿಸಿ ನೋಡಿದಾಗ, ಎಳೆಗಳು ಸಾಗುವ ಕಡೆಗೆ ಹೋಲಿಕೆ ದೂರದವರೆಗೆ ಉಳಿಯಿತು. ಅಡ್ಡಕ್ಕೆ ಬೇಗ ಕಡಿದುಹೋಯಿತು. ಗಣಿ ಗುಂಡಿಯ ಗೋಡೆಯಲ್ಲಿ ಕಣ್ಣಿಗೆ ಕಂಡಿದ್ದೂ ಅದೇ. ಅದು ತಾಳೆಯಾಗದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಕ್ರಿಗಿಂಗ್, ಅಂದರೆ ಬೋರ್ ಇಲ್ಲದ ಜಾಗದಲ್ಲಿ ಎಳೆ ಎಷ್ಟಿರಬಹುದು ಅಂತ ಸುತ್ತಲ ಮಾದರಿಗಳಿಂದ ಅಂದಾಜು ಮಾಡುವುದು, ಆಮೇಲೆ ಸಲೀಸು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಡ್ಯಾನಿ ಕ್ರಿಗ್ 1951ರಲ್ಲಿ ಶುರು ಮಾಡಿದ್ದನ್ನು ಫ್ರಾನ್ಸಿನ ಜಾರ್ಜ್ ಮ್ಯಾಥೆರಾನ್ 1960ರ ದಶಕದಲ್ಲಿ ಗಣಿತದ ಚೌಕಟ್ಟಿಗೆ ತಂದರು. ವೇರಿಯೋಗ್ರಾಮ್ ನೋಡಿ ಯಾವ ಮಾದರಿಗೆ ಎಷ್ಟು ತೂಕ ಅಂತ ಅದು ಹಂಚುತ್ತದೆ. ಗುಂಪಾಗಿರುವ ಬೋರ್‌ಗಳಿಗೆ ತಾನಾಗಿಯೇ ಕಡಿಮೆ ತೂಕ ಬೀಳುತ್ತದೆ.

ಒಂದು ಎಚ್ಚರಿಕೆ. ಕ್ರಿಗಿಂಗ್ ಏರಿಳಿತವನ್ನು ನಯ ಮಾಡುತ್ತದೆ. ಅದಿರು ಹೆಚ್ಚಿರುವ ಸಿರಿವಂತ ಬ್ಲಾಕ್ (ಲೆಕ್ಕಕ್ಕಾಗಿ ಗಣಿಯನ್ನು ಭಾಗ ಮಾಡಿದ ತುಂಡು) ಸ್ವಲ್ಪ ಬಡವಾಗಿ, ಬಡ ಬ್ಲಾಕ್ ಸ್ವಲ್ಪ ಸಿರಿವಂತವಾಗಿ ಕಾಣುತ್ತದೆ. ಇನ್ನೊಂದು, ಅದು ಕೊಡುವ ವೇರಿಯನ್ಸ್, ಅಂದರೆ ಅಂದಾಜಿನಲ್ಲಿ ಎಷ್ಟು ಅನುಮಾನ ಅನ್ನುವ ಅಳತೆ, ನಿಂತಿರುವುದು ಬೋರ್‌ಗಳು ಎಲ್ಲಿವೆ ಅನ್ನುವುದರ ಮೇಲೆ, ವೇರಿಯೋಗ್ರಾಮಿನ ಮೇಲೆ. ಅಲ್ಲಿ ಸಿಕ್ಕ ಗ್ರೇಡ್, ಅಂದರೆ ಎಳೆಯ ಶೇಕಡಾ, ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಹೊಸ ಬೋರ್ ಎಲ್ಲಿ ಹೊಡೆದರೆ ಅನುಮಾನ ಎಷ್ಟು ತಗ್ಗುತ್ತದೆ ಅಂತ ಹೊಡೆಯುವ ಮುಂಚೆಯೇ ಲೆಕ್ಕ ಸಿಗುತ್ತದೆ. ಮಾಲೀಕರಿಗೆ ಟನ್ ಲೆಕ್ಕದ ಜೊತೆ ಆ ಅನುಮಾನದ ನಕ್ಷೆಯನ್ನೂ ಕೊಟ್ಟೆ. ಮುಂದಿನ ಬೋರ್‌ಗಳನ್ನು ಅದನ್ನು ನೋಡಿಯೇ ಗುರುತು ಹಾಕಿದೆವು.