ಶುಕ್ರವಾರದ ಉಪವಾಸ, ಗುರುವಾರದ ಲೆಕ್ಕ

ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಏಳು ವರ್ಷದಿಂದ ಪ್ರತಿ ಶುಕ್ರವಾರ ಉಪವಾಸವಿದ್ದು ಪ್ರಾರ್ಥನೆ ಮಾಡುತ್ತೇನೆ. ಭಕ್ತಿಯಿಂದ ಶುರು ಮಾಡಿದೆ ಅಂದರೆ ಸುಳ್ಳಾಗುತ್ತದೆ. ಗಂಡನ ಕೆಲಸ ಹೋಗಿತ್ತು. ಎರಡು ತಿಂಗಳ ಬಾಡಿಗೆ ನಿಂತಿತ್ತು. "ಕರ್ತನೇ, ನಾನು ಊಟ ಬಿಡುತ್ತೇನೆ, ನೀನು ದಾರಿ ತೋರಿಸು" ಅಂದೆ. ಶುದ್ಧ ವ್ಯಾಪಾರ.

ಮೊದಲ ಶುಕ್ರವಾರ ನೀರೂ ಮುಟ್ಟಲಿಲ್ಲ. ಬೈಬಲಿನ ಎಸ್ತೇರ್ ರಾಣಿ ಮೂರು ದಿನ ಅನ್ನ ನೀರು ಬಿಟ್ಟಿದ್ದಳಲ್ವಾ, ನನಗೆ ಒಂದು ದಿನ ಆಗಲ್ವಾ ಅಂತ ಹಟ. ಮಧ್ಯಾಹ್ನ ಎರಡಕ್ಕೆ ತಲೆ ಸಿಡಿಯತೊಡಗಿತು. ಹಸಿವಿಗಲ್ಲ, ಚಹಾ ಇಲ್ಲದ್ದಕ್ಕೆ. ಸಂಜೆ ನಾಲ್ಕು ಮಿರ್ಚಿ ಭಜಿ ತಿಂದು ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂತೆ. ಈಗ ಬುಧವಾರದಿಂದಲೇ ಚಹಾ ಕಡಿಮೆ ಮಾಡುತ್ತೇನೆ. ನೀರು ಕುಡಿಯುತ್ತೇನೆ. ಸಂಜೆ ಮೊದಲು ಗಂಜಿ, ಆಮೇಲೆ ರೊಟ್ಟಿ. ಅತ್ತೆಗೆ ಶುಗರ್ ಇದೆ, ಊಟ ಬಿಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅವರು ಅವತ್ತು ಸೀರಿಯಲ್ ಬಿಡುತ್ತಾರೆ. ನನ್ನದಕ್ಕಿಂತ ಅದೇ ಕಷ್ಟದ ಉಪವಾಸ ಅಂತ ನನಗೆ ಅನುಮಾನ.

ಬಂದ ಗಿರಾಕಿಗಳಿಗೆಲ್ಲ "ಇವತ್ತು ನನ್ನ ಉಪವಾಸ ರೀ" ಅಂತ ಬೇರೆ ಹೇಳುತ್ತಿದ್ದೆ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡಿರು, ಜನರಿಗೆ ತಿಳಿಯಬಾರದು ಅಂತ ಯೇಸು ಹೇಳಿದ್ದು ಮತ್ತಾಯ 6ನೇ ಅಧ್ಯಾಯದಲ್ಲಿದೆ. ಚಿಕ್ಕಂದಿನಿಂದ ಓದಿದ್ದೆ. ಓದಿದ್ದಷ್ಟೇ.

ಐದನೆಯ ಶುಕ್ರವಾರವಿರಬೇಕು. ಹುಕ್ಕು, ಹೆಮ್ಮಿಂಗ್ ಮಾಡಲು ಒಬ್ಬ ಹುಡುಗಿ ಬರುತ್ತಿದ್ದಳು. "ಅಕ್ಕಾ, ಹೋದ ವಾರದ್ದು ಕೊಡ್ತೀರೇನ್ರೀ?" ಅಂತ ಮೆಲ್ಲಗೆ ಕೇಳಿದಳು. ಇನ್ನೂರ ನಲವತ್ತು ರೂಪಾಯಿ. ಡಬ್ಬಿಯಲ್ಲಿ ದುಡ್ಡಿತ್ತು. ಬಾಡಿಗೆಗೆ ಅಂತ ಎತ್ತಿಟ್ಟಿದ್ದೆ. ಹಸಿದ ಹೊಟ್ಟೆ, ಸಿಟ್ಟು ಬಂತು. "ಓಡಿ ಹೋಗ್ತೀನಾ ನಾನು?" ಅಂದೆ. ಅವಳು ಸುಮ್ನೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು.

ಅವತ್ತು ಸಂಜೆ ಪ್ರಾರ್ಥನಾ ಕೂಟದಲ್ಲಿ ಓದಿದ್ದು ಬೈಬಲಿನ ಯೆಶಾಯ ಪುಸ್ತಕದ 58ನೇ ಅಧ್ಯಾಯ. ನಾನು ಹುಡುಕಿದ ಅಧ್ಯಾಯವಲ್ಲ, ಪುಟದ ಸರದಿಯಲ್ಲಿ ಬಂದಿದ್ದು. ಜನ ದೇವರನ್ನು ಕೇಳುತ್ತಾರೆ, ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡುವುದಿಲ್ಲ ಅಂತ. ಉಪವಾಸದ ದಿನವೇ ನಿಮ್ಮ ಕೆಲಸದವರನ್ನು ಹಿಂಡುತ್ತೀರಿ, ಜಗಳ ಆಡುತ್ತೀರಿ ಅಂತ ಉತ್ತರ. ನಾನು ತಲೆ ಎತ್ತಲಿಲ್ಲ.

ರಾತ್ರಿಯೇ ಅವಳ ಮನೆಗೆ ಹೋಗಿ ಕೊಟ್ಟು ಬಂದೆ. ತಪ್ಪಾಯಿತು ಅಂತಲೂ ಹೇಳಿದೆ. ದೊಡ್ಡವಳಾಗಿ ಅದನ್ನು ಹೇಳುವುದು ಊಟ ಬಿಟ್ಟಷ್ಟು ಸುಲಭವಲ್ಲ. ದೇವರನ್ನು ನಂಬುತ್ತೇನೆ ಅನ್ನುತ್ತಿದ್ದೆ, ನಂಬಿದ್ದು ಮಾತ್ರ ಡಬ್ಬಿಯನ್ನು. ಅಡವಿಯಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರ ಮನ್ನವನ್ನು ಮರುದಿನಕ್ಕೆ ಉಳಿಸಿಟ್ಟವರಿಗೆ ಅದು ಹುಳ ಬಿದ್ದ ಕಥೆ ಬೈಬಲಿನ ವಿಮೋಚನಕಾಂಡದಲ್ಲಿದೆಯಲ್ಲ, ಅದೂ ನೆನಪಾಯಿತು.

ಅಲ್ಲಿಂದ ಗುರುವಾರ ರಾತ್ರಿ ಮೊದಲು ಅವಳ ಲೆಕ್ಕ ಚುಕ್ತಾ, ಆಮೇಲೆ ಶುಕ್ರವಾರದ ಉಪವಾಸ. ಹೊಟ್ಟೆ ಚುರ್ ಅಂದಾಗೆಲ್ಲ ಒಂದು ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಕಾಲು ಪೆಡಲ್ ಮೇಲೆಯೇ ಇರುತ್ತದೆ. ಹೆಸರುಗಳಿಗೆ ಒಂದು ನೋಟ್‌ಬುಕ್ ಇದೆ. ಎಡಗಡೆ ಬೇಡಿಕೆ, ಬಲಗಡೆ ಉತ್ತರ ಬಂದ ತಾರೀಖು. ಬಲಗಡೆ ಖಾಲಿ ಜಾಸ್ತಿ. ಸುಳ್ಳು ಬರೆದು ತುಂಬಿಸಿಲ್ಲ.

ಬಾಡಿಗೆ ಏನಾಯಿತು ಅಂತ ಕೇಳುತ್ತೀರಿ ಅಲ್ವಾ? ಪವಾಡವೇನೂ ಆಗಲಿಲ್ಲ. ಒಂದು ಶುಕ್ರವಾರ ಪ್ರಾರ್ಥನೆ ಮುಗಿಸಿ ಎದ್ದವಳೇ ಮನೆ ಮಾಲಕರ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಎರಡು ತಿಂಗಳು ಅವರನ್ನು ಕಂಡರೆ ಗಲ್ಲಿ ಬದಲಿಸುತ್ತಿದ್ದವಳು ನಾನು. ನಾಲ್ಕು ಕಂತು ಮಾಡಿಕೊಟ್ಟರು. ಗಂಡನಿಗೆ ಕೆಲಸ ಸಿಕ್ಕಿದ್ದು ಏಳು ತಿಂಗಳ ನಂತರ. ನೋಟ್‌ಬುಕ್‌ನಲ್ಲಿ ಆ ತಾರೀಖನ್ನು ಕೆಂಪು ಪೆನ್ನಿನಲ್ಲಿ ಬರೆದವರು ಅತ್ತೆ.