ಖಡಕ್ ರೊಟ್ಟಿ ಕಟ್ಟಿಕೊಂಡು ಇಟಲಿಯ ಸಣ್ಣ ಊರುಗಳಲ್ಲಿ

ಗದಗಿನಿಂದ ಹೊರಡುವಾಗ ನಮ್ಮ ಹತ್ತಿರ ಎರಡು ಸಣ್ಣ ಸೂಟ್‌ಕೇಸ್, 40 ಖಡಕ್ ರೊಟ್ಟಿ, ಒಂದು ಕಿಲೋ ಶೇಂಗಾ ಚಟ್ನಿ ಇತ್ತು. ಧಾರವಾಡ ಫೇಡೆಯನ್ನೂ ಇಟ್ಟುಕೊಳ್ಳಿ ಅಂತ ಅತ್ತೆಯವರು ಹಟ ಹಿಡಿದಿದ್ದರು. ನಾನೇ ಬೇಡ ಅಂದೆ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ರೊಟ್ಟಿಗೆ, ಚಟ್ನಿಗೆ ಆ ತಕರಾರು ಇಲ್ಲ.

12 ದಿನದ ಪ್ರವಾಸ. ವಿಮಾನ, ವೀಸಾ ಬಿಟ್ಟು ಗಂಡ-ಹೆಂಡತಿ ಇಬ್ಬರಿಗೂ ಸೇರಿ ದಿನಕ್ಕೆ 110 ಯುರೋ ದಾಟಬಾರದು ಅಂತ ನಾವೇ ಗೆರೆ ಎಳೆದುಕೊಂಡಿದ್ದೆವು. ಆ ದುಡ್ಡಿಗೆ ಫ್ಲಾರೆನ್ಸ್‌ನಲ್ಲಿ ರೂಮು ಹಿಡಿದರೆ ಊಟಕ್ಕೆ ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಲುಕ್ಕಾ ಅನ್ನೋ ಊರು ಆರಿಸಿಕೊಂಡೆವು. ಅಡುಗೆಮನೆ ಇರುವ ಒಂದು ಸಣ್ಣ ಮನೆ, ಏಳು ರಾತ್ರಿ. ವಾರಕ್ಕೆ ಹಿಡಿದಿದ್ದಕ್ಕೆ ಬಾಡಿಗೆಯಲ್ಲಿ ಸ್ವಲ್ಪ ಕಡಿಮೆಯೂ ಮಾಡಿದರು. ಕೀಲಿ ಕೈಗೆ ಬರುವ ಮೊದಲು ಮಾತ್ರ ಒಂದು ಖರ್ಚು ಎದುರಾಯಿತು. ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಅಂತ ಊರಿನ ತೆರಿಗೆ, ಅದೂ ನಗದು. ಇಟಲಿಯ ಬಹಳಷ್ಟು ಊರುಗಳಲ್ಲಿ ಇದು ಇದೆ. ಬುಕಿಂಗ್ ಮಾಡುವಾಗ ತೋರಿಸುವ ಮೊತ್ತದಲ್ಲಿ ಅನೇಕ ಸಲ ಸೇರಿರುವುದಿಲ್ಲ. ನಮ್ಮ ಲೆಕ್ಕದಲ್ಲೂ ಇರಲಿಲ್ಲ.

ಲುಕ್ಕಾ ನಮಗೆ ಬಹಳ ಹಿಡಿಸಿತು. ಹಳೇ ಊರಿನ ಸುತ್ತ ಪೂರ್ತಿ ಕೋಟೆಗೋಡೆ. ನಾಲ್ಕು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಗೋಡೆ ಎಷ್ಟು ಅಗಲ ಅಂದರೆ ಅದರ ಮೇಲೇ ಮರಗಳ ಸಾಲು ಇದೆ, ಜನ ಸೈಕಲ್ ಹೊಡೆಯುತ್ತಾರೆ. ದಿನಾ ಸಂಜೆ ನಾವು ಒಂದು ಸುತ್ತು ಹಾಕುತ್ತಿದ್ದೆವು. ಒಂದು ಕಡೆ ಮನೆಗಳ ಹೆಂಚು, ಇನ್ನೊಂದು ಕಡೆ ಬೆಟ್ಟ. ಇದಕ್ಕೆ ಟಿಕೆಟ್ ಇಲ್ಲ.

ಮೊದಲ ದಿನ ಸೂಪರ್ ಮಾರ್ಕೆಟ್‌ನಲ್ಲಿ ತೊಂದರೆಯಾಯಿತು. ಟೊಮೆಟೊ, ಬದನೆಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡು ಸೀದಾ ಬಿಲ್ ಕೌಂಟರಿಗೆ ಹೋದೆ. ಅಲ್ಲಿ ಕೂತ ಹುಡುಗಿ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು, ಏನೋ ಹೇಳಿದಳು. ನನಗೆ ಒಂದೂ ತಿಳಿಯಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಆಗ ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನ ಮೊಣಕೈ ಹಿಡಿದು ತರಕಾರಿ ಕಡೆಗೆ ಕರೆದುಕೊಂಡು ಹೋದರು. ಬೆಲೆ ಬರೆದ ಚೀಟಿಯ ಮೇಲಿನ ನಂಬರ್ ತೋರಿಸಿದರು. ಚೀಲವನ್ನು ತಕ್ಕಡಿ ಮೇಲಿಟ್ಟು ಅದೇ ನಂಬರ್ ಒತ್ತಿದರು. ಸ್ಟಿಕರ್ ಬಂತು, ಚೀಲಕ್ಕೆ ಅಂಟಿಸಿದರು. ಆಮೇಲೆ ನನ್ನ ಬರಿಗೈ ನೋಡಿ, ಪಕ್ಕದಲ್ಲಿ ನೇತುಹಾಕಿದ್ದ ಪ್ಲಾಸ್ಟಿಕ್ ಕೈಗವಸು ತೋರಿಸಿ ತಲೆ ಅಲ್ಲಾಡಿಸಿದರು. ಅಲ್ಲಿ ತರಕಾರಿಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮರುದಿನದಿಂದ ನಾನು ಕೈಗವಸು ಹಾಕಿಕೊಂಡು ಲುಕ್ಕಾದವಳ ಹಾಗೇ ತೂಗಿ ತರುತ್ತಿದ್ದೆ. ಬದನೆಕಾಯಿ ಎಣ್ಣೆಗಾಯಿ ಆಲಿವ್ ಎಣ್ಣೆಯಲ್ಲೂ ಚೆನ್ನಾಗಿ ಆಗುತ್ತದೆ.

ಆ ಕಡೆಯ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ಲುಕ್ಕಾ, ಫ್ಲಾರೆನ್ಸ್ ಎಲ್ಲ ಇರುವ ಟಸ್ಕನಿ ಪ್ರಾಂತ್ಯದ ಹಳೇ ಪದ್ಧತಿ ಅದು. ಮೊದಲ ತುತ್ತು ಸಪ್ಪೆ ಅನ್ನಿಸಿತು. ಇವರು ಅದರ ಮೇಲೆ ಶೇಂಗಾ ಚಟ್ನಿ, ಎರಡು ಹನಿ ಆಲಿವ್ ಎಣ್ಣೆ ಹಾಕಿ ಕೊಟ್ಟರು. ಅವತ್ತಿನಿಂದ ಬೆಳಗಿನ ತಿಂಡಿ ಅದೇ.

ಇನ್ನೊಂದು ಹೇಳಲೇಬೇಕು, ಚೆಚೀನಾ. ಕಡಲೆ ಹಿಟ್ಟು, ನೀರು, ಉಪ್ಪು, ಎಣ್ಣೆ, ಅಷ್ಟೇ. ದೊಡ್ಡ ದುಂಡನೆ ತಟ್ಟೆಯಲ್ಲಿ ತೆಳುವಾಗಿ ಹರಡಿ ಒಲೆಯಲ್ಲಿ ಸುಡುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ. ಬಾಯಿಗಿಟ್ಟ ಕೂಡಲೇ ಇವರು "ಏ, ಇದು ನಮ್ಮ ಝುಣಕದ ವಡೀನೇ ಅಲ್ಲೇನ?" ಅಂದರು. ಮಾಂಸ ಮುಟ್ಟದ ನಮ್ಮಂಥವರಿಗೆ ಮೂರು ಯುರೋ ಒಳಗೆ ಬಿಸಿಬಿಸಿ ಸಿಗುವ ಇಂಥ ತಿಂಡಿ ದೊಡ್ಡ ಆಸರೆ.

ಪೀಸಾಕ್ಕೆ ಲುಕ್ಕಾದಿಂದ ಅರ್ಧ ತಾಸು. ವಾಲುಗೋಪುರ ನೋಡುವವರು ಮುಖ್ಯ ಸ್ಟೇಷನ್ನಿನವರೆಗೆ ಹೋಗಬೇಕಿಲ್ಲ. ಅದಕ್ಕೂ ಮೊದಲು ಸಾನ್ ರೊಸ್ಸೋರೆ ಅಂತ ಸಣ್ಣ ಸ್ಟೇಷನ್ ಬರುತ್ತದೆ. ಅಲ್ಲಿ ಇಳಿದರೆ ಗೋಪುರಕ್ಕೆ ಸ್ವಲ್ಪವೇ ನಡಿಗೆ. ಗೋಪುರ ಹತ್ತಲು ಟಿಕೆಟ್ ದುಬಾರಿ, ನಾವು ಹತ್ತಲಿಲ್ಲ. ಹುಲ್ಲುಹಾಸಿನ ಅಂಚಿಗೆ ನಿಂತು ನೋಡಿದ್ದೇ ಕಣ್ತುಂಬಿತ್ತು.

ಫ್ಲಾರೆನ್ಸ್‌ಗೆ ಹೋದ ದಿನ ದಂಡ ಕಟ್ಟಿದೆವು. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ದರ ಯಾವಾಗ ಕೊಂಡರೂ ಒಂದೇ. ವೇಗದ ರೈಲಿಗೆ ಮಾತ್ರ ಮುಂಚೆ ಕೊಂಡಷ್ಟೂ ಅಗ್ಗ. ಇಷ್ಟು ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಸ್ಟೇಷನ್ನಿನಲ್ಲಿರುವ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಟಿಕೆಟ್ ತಪಾಸಣೆಗೆ ಬಂದವರು ನಮ್ಮ ಚೀಟಿ ಹಿಂದೆ ಮುಂದೆ ತಿರುಗಿಸಿದರು, ಬೆರಳಿಂದ ಖಾಲಿ ಜಾಗ ತೋರಿಸಿದರು. ನಾವು ದುಡ್ಡು ಕೊಟ್ಟಿದ್ದೇವೆ, ಇದೇ ರೈಲು, ಇವತ್ತಿನದೇ ಅಂತ ಕೈಬಾಯಿ ಮಾಡಿ ಹೇಳಿದೆವು. ನಡೆಯಲಿಲ್ಲ. ಎರಡು ದಿನದ ಊಟದ ದುಡ್ಡು ಅಲ್ಲೇ ಹೋಯಿತು. ಎದುರು ಕೂತ ಕಾಲೇಜು ಹುಡುಗ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ: ಮರೆತು ಹತ್ತಿದರೆ ಅವರು ಬರುವ ತನಕ ಕೂರಬೇಡಿ, ನೀವೇ ಹುಡುಕಿಕೊಂಡು ಹೋಗಿ ಹೇಳಿ. ಬಹಳ ಸಲ ಪೆನ್ನಿನಲ್ಲಿ ಬರೆದು ಬಿಟ್ಟುಬಿಡುತ್ತಾರಂತೆ.

ಅದೇ ದಿನ ಮಧ್ಯಾಹ್ನ ಕಾಫಿಗೆ ಕುರ್ಚಿ ಎಳೆದು ಕೂತದ್ದಕ್ಕೂ ಜಾಸ್ತಿ ಕೊಟ್ಟೆವು. ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ರೇಟು, ಕೂತರೆ ಬೇರೆ. ಹೋಟೆಲಿನ ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಇಷ್ಟು ಅಂತ ಹಾಕಿದ್ದರು. ತಟ್ಟೆ, ಬ್ರೆಡ್ಡಿನ ಬಾಬ್ತು ಅದು. ಮೆನುವಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೂರುವ ಮೊದಲೇ ನೋಡಿಕೊಳ್ಳಿ.

ಲುಕ್ಕಾ ಆದ ಮೇಲೆ ಮೂರು ರಾತ್ರಿ ಓರ್ವಿಯೆತೊ. ರೋಮ್‌ಗೆ ಹೋಗುವ ದಾರಿಯಲ್ಲಿ ಬಂಡೆಯ ಮೇಲೆ ಕೂತಿರುವ ಊರು. ಸ್ಟೇಷನ್ ಕೆಳಗೆ, ಊರು ಮೇಲೆ. ಹಳಿ ಮೇಲೆ ಹಗ್ಗದಿಂದ ಎಳೆಯುವ ಗಾಡಿಯಲ್ಲಿ ಹತ್ತಬೇಕು. ಶುಕ್ರವಾರ ಬೆಳಗ್ಗೆ ರೋಮ್‌ಗೆ ಹೊರಡುವುದು, ಶನಿವಾರ ವಿಮಾನ, ಇದು ನಮ್ಮ ಯೋಜನೆ. ಬ್ಯಾಗ್ ಎಳೆದುಕೊಂಡು ಹತ್ತು ಗಂಟೆಗೆ ಸ್ಟೇಷನ್‌ಗೆ ಬಂದರೆ ಬೋರ್ಡಿನಲ್ಲಿ ರೈಲುಗಳೆಲ್ಲ ರದ್ದು. ಶೋಪೆರೊ, ಅಂದರೆ ಮುಷ್ಕರ. ನನಗೆ ಕೈಕಾಲು ತಣ್ಣಗಾದವು. "ರೀ, ನಾಳೆ ವಿಮಾನ ತಪ್ಪಿದರೆ ಏನು ಮಾಡೋದು?" ಅಂತ ಎಷ್ಟು ಸಲ ಕೇಳಿದೆನೋ. ಕೌಂಟರಿನವರು ಕಾಗದದ ಮೇಲೆ ಬರೆದು ತೋರಿಸಿದರು: 6–9, 18–21. ವಾರದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಕೆಲವು ಪ್ರಾದೇಶಿಕ ರೈಲು ಓಡಿಸಲೇಬೇಕು. ಬೆಳಗಿನದು ಒಂದೇ ತಾಸಿನಲ್ಲಿ ಕೈತಪ್ಪಿತ್ತು.

ಬ್ಯಾಗನ್ನು ನಾವು ಇಳಿದುಕೊಂಡಿದ್ದ ಮನೆಯ ಮಾಲೀಕರ ಹತ್ತಿರವೇ ವಾಪಸ್ ಇಟ್ಟು, ಸುಮ್ನೆ ಕೂರೋದು ಬೇಡ ಅಂತ ಸಂತ ಪ್ಯಾಟ್ರಿಕ್ ಹೆಸರಿನ ಬಾವಿ ನೋಡಲು ಹೋದೆವು. ಟಿಕೆಟ್ ಉಳಿಸಲು ಹಿಂದಿನ ಎರಡು ದಿನ ಬಿಟ್ಟಿದ್ದೆವು. ಲಕ್ಕುಂಡಿಯ ಮುಸುಕಿನ ಬಾವಿ ನೋಡಿ ಬೆಳೆದವಳು ನಾನು, ಬಾವಿ ಅಂದರೆ ಕಾಲು ತಾನಾಗೇ ಹೋಗುತ್ತದೆ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಈ ಊರಿಗೆ ಬಂದು ಸೇರಿದ್ದರು. ಶತ್ರು ಮುತ್ತಿದರೆ ಊರಿಗೆ ನೀರು ಬೇಕಲ್ಲ, ಅದಕ್ಕೆ ತೋಡಿಸಿದ ಬಾವಿ. 53 ಮೀಟರ್ ಆಳ. ಸುತ್ತಿಕೊಂಡು ಇಳಿಯುವ ಎರಡು ಮೆಟ್ಟಿಲ ಸಾಲು, ಒಂದೊಂದಕ್ಕೆ 248 ಮೆಟ್ಟಿಲು. ನೀರು ಹೊರುವ ಕತ್ತೆಗಳು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕು, ನಡುವೆ ಎದುರಾಗಬಾರದು, ಹಾಗೆ ಕಟ್ಟಿದ್ದಾರೆ. ಮೆಟ್ಟಿಲು ಅಗಲ, ಎತ್ತರ ಕಡಿಮೆ. ನನ್ನ ಮೊಣಕಾಲಿಗೂ ನೋವಾಗಲಿಲ್ಲ. ಗೋಡೆಯ ಕಿಟಕಿಗಳಿಂದ ನಡುವಿನ ಕತ್ತಲಿಗೆ ಬೆಳಕು ಬೀಳುತ್ತಿತ್ತು. ಕೆಳಗೆ ಹೋಗುತ್ತಾ ಹೋಗುತ್ತಾ ಚಳಿ. ಇವರು ನನಗಿಂತ ಮುಂದೆ ಹೋಗಿದ್ದರು. ತಳದಲ್ಲಿ ನೀರಿನ ಮೇಲೆ ಒಂದು ಪುಟ್ಟ ಸೇತುವೆ ಇದೆ. ಅಲ್ಲಿ ನಿಂತು ಮೇಲೆ ನೋಡಿದರೆ ಆಕಾಶ ಒಂದು ರೊಟ್ಟಿಯಷ್ಟೇ ಕಾಣುತ್ತಿತ್ತು.

ಆರು ಗಂಟೆ ದಾಟಿದ ಮೇಲೆ ಬಂದ ಮೊದಲ ರೈಲು ಹತ್ತಿದೆವು. ಟಿಕೆಟ್‌ಗೆ ಮುದ್ರೆ ಹಾಕಿಸಿದ್ದು ಇವರೇ. ಬಿದ್ದಿದೆಯಾ ಅಂತ ದೀಪದ ಕೆಳಗೆ ಹಿಡಿದು ನನಗೂ ತೋರಿಸಿದರು.